ಕೂಡಿದ ಲೆಕ್ಕಕ್ಕೆ ಸಾಕ್ಷಿ ಯಾರು?

ಬೆಂಗಳೂರು: ಹತ್ತು ಸಾಲಗಳ ಮೊತ್ತವನ್ನು ಕೂಡುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಕಷ್ಟದ ಕೆಲಸವಲ್ಲ. ಆದರೆ 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ನೀಡಿದ ತೀರ್ಪೊಂದರಲ್ಲಿ ಇಂತಹದೇ ಒಂದು ಪಟ್ಟಿಯ ಸಂಕಲನ ದೇಶವ್ಯಾಪಿ ಚರ್ಚೆಗೆ ಕಾರಣವಾಯಿತು. ಎಐಎಡಿಎಂಕೆ ನಾಯಕಿ ಜೆ. ಜಯಲಲಿತಾ ಹಾಗೂ ಇತರ ಮೂವರ ವಿರುದ್ಧದ ಅಕ್ರಮ ಆಸ್ತಿ ಪ್ರಕರಣದ ಆ ತೀರ್ಪಿನಲ್ಲಿ, ಹತ್ತು ಬ್ಯಾಂಕ್ ಸಾಲಗಳ ಒಟ್ಟು ಮೊತ್ತ 24,17,31,274 ರೂಪಾಯಿ ಎಂದು ನಮೂದಾಗಿತ್ತು. ಅದೇ ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಕೂಡಿದರೆ ಬರುತ್ತಿದ್ದುದು 10,67,31,274 ರೂಪಾಯಿ. ವ್ಯತ್ಯಾಸ ಬರೋಬ್ಬರಿ ಹದಿಮೂರೂವರೆ ಕೋಟಿ.

ಈ ಪ್ರಕರಣ ಈಗ ಇತ್ಯರ್ಥವಾಗಿ ವರ್ಷಗಳೇ ಕಳೆದಿವೆ. ಆದರೆ ಅದು ಎತ್ತಿದ ಪ್ರಶ್ನೆಯೊಂದು ಇನ್ನೂ ಹಾಗೆಯೇ ಉಳಿದಿದೆ. ನ್ಯಾಯಾಲಯದಲ್ಲಿ ಒಬ್ಬ ವ್ಯಕ್ತಿಯ ಸ್ವಾತಂತ್ರ್ಯ, ಆಸ್ತಿ ಅಥವಾ ಜೀವನೋಪಾಯ ಒಂದು ಅಂಕಿಯ ಮೇಲೆ ನಿಂತಿರುವಾಗ, ಆ ಅಂಕಿ ಹೇಗೆ ಬಂತೆಂದು ನ್ಯಾಯಾಧೀಶರಿಗೆ ವಿವರಿಸುವ ಹೊಣೆ ಯಾರದು? ಲೆಕ್ಕವನ್ನು ವೃತ್ತಿಯಾಗಿಸಿಕೊಂಡ ಲೆಕ್ಕಪರಿಶೋಧಕರನ್ನು ನಮ್ಮ ನ್ಯಾಯ ವ್ಯವಸ್ಥೆ ತಜ್ಞ ಸಾಕ್ಷಿಗಳಾಗಿ ಸರಿಯಾಗಿ ಬಳಸಿಕೊಳ್ಳುತ್ತಿದೆಯೇ?

ಒಂದು ಸಂಕಲನ, ಎರಡು ಫಲಿತಾಂಶ

ಪ್ರಕರಣದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳುವುದು ಸೂಕ್ತ. 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗಿನ ಅವಧಿಯಲ್ಲಿ ಆದಾಯಕ್ಕೆ ಮೀರಿದ ಆಸ್ತಿ ಗಳಿಸಲಾಗಿದೆ ಎಂಬುದು ಆರೋಪ. ನ್ಯಾಯಸಮ್ಮತ ವಿಚಾರಣೆಯ ದೃಷ್ಟಿಯಿಂದ ಸುಪ್ರೀಂ ಕೋರ್ಟ್ 2003ರಲ್ಲಿ ಪ್ರಕರಣವನ್ನು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರು ಪರಪ್ಪನ ಅಗ್ರಹಾರದಲ್ಲಿ ತೀರ್ಪು ನೀಡಿ, ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲು ಹಾಗೂ 100 ಕೋಟಿ ರೂಪಾಯಿ ದಂಡ ವಿಧಿಸಿದರು.

ಮೇಲ್ಮನವಿಯಲ್ಲಿ ಹೈಕೋರ್ಟ್ ಒಟ್ಟು ಆಸ್ತಿಯನ್ನು 37,59,02,466 ರೂಪಾಯಿ ಎಂದೂ, ಆದಾಯವನ್ನು 34,76,65,654 ರೂಪಾಯಿ ಎಂದೂ ನಿರ್ಧರಿಸಿತು. ಆದಾಯಕ್ಕೆ ಮೀರಿದ್ದು 2.82 ಕೋಟಿ, ಅಂದರೆ ಶೇ.8.12. ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ.10ರೊಳಗಿನ ವ್ಯತ್ಯಾಸವನ್ನು ಮನ್ನಿಸಿತ್ತು ಎಂಬ ಆಧಾರದ ಮೇಲೆ ಎಲ್ಲ ಆರೋಪಿಗಳೂ ಖುಲಾಸೆಯಾದರು.

ಈಗ ಆ ಹದಿಮೂರೂವರೆ ಕೋಟಿಯನ್ನು ಆದಾಯದಿಂದ ಕಳೆದು ನೋಡಿ. ಆದಾಯ 21,26,65,654 ರೂಪಾಯಿಗೆ ಇಳಿಯುತ್ತದೆ. ಮೀರಿದ ಆಸ್ತಿ 16.32 ಕೋಟಿಗೆ ಏರುತ್ತದೆ. ಶೇಕಡಾವಾರು ಪ್ರಮಾಣ 8.12ರಿಂದ 76ನ್ನೂ ದಾಟುತ್ತದೆ. ಉಳಿದೆಲ್ಲ ಅಂಕಿಗಳನ್ನು ಹೈಕೋರ್ಟ್ ಹೇಳಿದಂತೆಯೇ ಒಪ್ಪಿದರೂ ಇದೇ ಫಲಿತಾಂಶ. ವಿಚಾರಣೆ ಇಲ್ಲಿಯೇ ನಡೆದಿದ್ದರಿಂದ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ನ್ಯಾಯಮೂರ್ತಿಗಳಾದ ಪಿ.ಸಿ. ಘೋಷ್ ಮತ್ತು ಅಮಿತಾವ ರಾಯ್ ಅವರ ಪೀಠ 2017ರ ಫೆಬ್ರುವರಿ 14ರಂದು ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ನಿಧನರಾಗಿದ್ದರಿಂದ ಅವರ ವಿರುದ್ಧದ ಮೇಲ್ಮನವಿ ಅಲ್ಲಿಗೇ ಕೊನೆಗೊಂಡಿತು. ಉಳಿದ ಮೂವರು ಮರುದಿನವೇ ಪರಪ್ಪನ ಅಗ್ರಹಾರದ ಜೈಲಿಗೆ ಮರಳಿದರು.

ಎಣಿಕೆ ಬೇರೆ, ಅಂದಾಜು ಬೇರೆ

ಸಂಕಲನದ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. ಆದರೆ ಅದೇ ಪ್ರಕರಣದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಬೇರೆ ಅಂಕಿಗಳಿದ್ದವು. ಕಟ್ಟಡಗಳ ನಿರ್ಮಾಣ ವೆಚ್ಚ ಪ್ರಾಸಿಕ್ಯೂಷನ್ ಪ್ರಕಾರ 27.79 ಕೋಟಿ ರೂಪಾಯಿ. ಹೈಕೋರ್ಟ್ ಒಪ್ಪಿದ್ದು 5.10 ಕೋಟಿ. 1995ರ ಅದ್ದೂರಿ ಮದುವೆಯ ಖರ್ಚು ಪ್ರಾಸಿಕ್ಯೂಷನ್ ಲೆಕ್ಕದಲ್ಲಿ 6.45 ಕೋಟಿ. ವಿಚಾರಣಾ ನ್ಯಾಯಾಲಯ ಅದನ್ನು 3 ಕೋಟಿಗೆ ಇಳಿಸಿತು. ಹೈಕೋರ್ಟ್ 28.68 ಲಕ್ಷಕ್ಕೆ ಇಳಿಸಿತು. ಮದುವೆ ಒಂದೇ, ಕಡತ ಒಂದೇ. ಅಂಕಿ ಮಾತ್ರ ಮೂರು.

ಇಲ್ಲಿ ಯಾರೂ ಕೂಡುವುದರಲ್ಲಿ ತಪ್ಪಿಲ್ಲ. ಯಾವ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಬೇಕು, ಯಾವ ದರವನ್ನು ಹಿಡಿಯಬೇಕು, ಯಾವ ದಾಖಲೆಯನ್ನು ನಂಬಬೇಕು ಎಂಬ ಆಯ್ಕೆಗಳೇ ಈ ವ್ಯತ್ಯಾಸಕ್ಕೆ ಕಾರಣ. ಎಣಿಕೆಯ ತಪ್ಪನ್ನು ಯಾರು ಬೇಕಾದರೂ ಹಿಡಿಯಬಹುದು. ಅಂದಾಜಿನ ತಪ್ಪನ್ನು ಹಿಡಿಯಲು ಅಂದಾಜಿನ ಹಿಂದಿರುವ ವಿಧಾನ ಗೊತ್ತಿರಬೇಕು. ತಜ್ಞ ಸಾಕ್ಷಿಯ ಅಗತ್ಯ ಉದ್ಭವಿಸುವುದು ಇಲ್ಲಿಯೇ.

ಇದಕ್ಕಿಂತ ದೊಡ್ಡ ಉದಾಹರಣೆಯೂ ಇದೆ. 2010ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಿಂದಾಗಿ 2ಜಿ ತರಂಗಾಂತರ ಹಂಚಿಕೆಯಲ್ಲಿ 1.76 ಲಕ್ಷ ಕೋಟಿ ರೂಪಾಯಿ ನಷ್ಟ ಎಂಬ ಅಂಕಿ ಮನೆಮಾತಾಯಿತು. ವಾಸ್ತವವಾಗಿ ಆ ವರದಿಯಲ್ಲಿದ್ದುದು ಬೇರೆ ಬೇರೆ ವಿಧಾನಗಳಿಂದ ಕಟ್ಟಿದ ಹಲವು ಅಂದಾಜುಗಳು. ಅತಿ ಕಡಿಮೆಯದು 57,666 ಕೋಟಿ, ಅತಿ ಹೆಚ್ಚಿನದು 1,76,645 ಕೋಟಿ. ಸಿಬಿಐ ದೋಷಾರೋಪ ಪಟ್ಟಿಯಲ್ಲಿ ಉಲ್ಲೇಖಿಸಿದ ನಷ್ಟ 30,984 ಕೋಟಿ. 2017ರ ಡಿಸೆಂಬರ್ 21ರಂದು ದೆಹಲಿಯ ವಿಶೇಷ ನ್ಯಾಯಾಲಯ ಸಾಕ್ಷ್ಯಾಧಾರಗಳ ಕೊರತೆಯ ಕಾರಣ ನೀಡಿ ಎಲ್ಲರನ್ನೂ ಖುಲಾಸೆಗೊಳಿಸಿತು. ಇದರ ವಿರುದ್ಧದ ಸಿಬಿಐ ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ವಿಚಾರಣೆಗೆ ಅಂಗೀಕರಿಸಿತು. ಅಂತಿಮ ಫಲಿತಾಂಶ ಏನೇ ಇರಲಿ, ಸಾರ್ವಜನಿಕ ಚರ್ಚೆಯಲ್ಲಿ ಗೆದ್ದ ಅಂಕಿ ನ್ಯಾಯಾಲಯದಲ್ಲಿಯೂ ನಿಲ್ಲಬೇಕೆಂದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಕಾನೂನು ಹೇಳುವುದೇನು?

ತಜ್ಞರ ಅಭಿಪ್ರಾಯಕ್ಕೆ ನಮ್ಮ ಕಾನೂನಿನಲ್ಲಿ ಹಿಂದಿನಿಂದಲೂ ಜಾಗವಿದೆ. 1872ರ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್ ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ ಹಾಗೂ ಬೆರಳಚ್ಚಿನ ವಿಷಯದಲ್ಲಿ ತಜ್ಞರ ಅಭಿಪ್ರಾಯ ಪಡೆಯಲು ಅವಕಾಶ ನೀಡಿತ್ತು. ಲೆಕ್ಕಪತ್ರದ ಹೆಸರು ಅದರಲ್ಲಿರಲಿಲ್ಲ. ಲೆಕ್ಕಪರಿಶೋಧಕರನ್ನು ತಜ್ಞರೆಂದು ಕರೆಯಬೇಕಾದರೆ ಅವರ ವಿದ್ಯೆಯನ್ನು ವಿಜ್ಞಾನ ಅಥವಾ ಕಲೆ ಎಂಬ ಪದಗಳೊಳಗೆ ಸೇರಿಸಬೇಕಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಈ ಪಟ್ಟಿಗೆ ‘ಬೇರೆ ಯಾವುದೇ ಕ್ಷೇತ್ರ’ ಎಂಬುದನ್ನು ಸೇರಿಸಿದೆ. ಇದರಿಂದ ಬಾಗಿಲು ವಿಶಾಲವಾಗಿ ತೆರೆದಂತಾಗಿದೆ.

ಇನ್ನೊಂದು ಅವಕಾಶವೂ ಉಂಟು. ಸಾವಿರಾರು ಪುಟಗಳ ಲೆಕ್ಕಪತ್ರಗಳನ್ನು ನ್ಯಾಯಾಲಯದಲ್ಲಿ ಒಂದೊಂದಾಗಿ ಪರಿಶೀಲಿಸುವುದು ಅಸಾಧ್ಯವಾದಾಗ, ಅವುಗಳನ್ನು ಪರೀಕ್ಷಿಸಿದ ನುರಿತ ವ್ಯಕ್ತಿ ಅವುಗಳ ಒಟ್ಟು ಫಲಿತಾಂಶದ ಬಗ್ಗೆ ಸಾಕ್ಷ್ಯ ನುಡಿಯಬಹುದು. ಹಳೆಯ ಕಾಯ್ದೆಯ 65ನೇ ಸೆಕ್ಷನ್‌ನಲ್ಲಿದ್ದ ಈ ತತ್ವವನ್ನು ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಸಿವಿಲ್ ದಾವೆಗಳಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 11ನೇ ನಿಯಮದಡಿ ನ್ಯಾಯಾಲಯವೇ ಲೆಕ್ಕ ಪರಿಶೀಲನೆಗೆ ಕಮಿಷನರ್ ಒಬ್ಬರನ್ನು ನೇಮಿಸಬಹುದು.

ಆದರೆ ಲೆಕ್ಕದ ಪುಸ್ತಕವೇ ರುಜುವಾತಲ್ಲ ಎಂಬ ಎಚ್ಚರಿಕೆಯೂ ಕಾನೂನಿನಲ್ಲಿದೆ. ವ್ಯವಹಾರದಲ್ಲಿ ನಿಯತವಾಗಿ ಬರೆದಿಟ್ಟ ಕಿರ್ದಿ-ಖಾತೆಗಳು ಸಾಕ್ಷ್ಯವಾಗಬಲ್ಲವು. ಆದರೆ ಅವುಗಳ ಆಧಾರದ ಮೇಲಷ್ಟೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಜೈನ್ ಹವಾಲಾ ಡೈರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ನೀಡಿದ ತೀರ್ಪಿನ ತಿರುಳು ಇದೇ. ಬಿಡಿ ಹಾಳೆಗಳನ್ನು ಲೆಕ್ಕದ ಪುಸ್ತಕವೆಂದು ಒಪ್ಪಲು ನ್ಯಾಯಾಲಯ ನಿರಾಕರಿಸಿತ್ತು.

ತಜ್ಞರ ಮಾತಿಗೂ ಮಿತಿಯಿದೆ. ಸೇಬು ಖರೀದಿಗೆ ಸಂಬಂಧಿಸಿದ ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಈ ಮಿತಿಯನ್ನು ವಿವರಿಸಿತು. ತಜ್ಞನ ಅಭಿಪ್ರಾಯ ಸಲಹೆಯ ಸ್ವರೂಪದ್ದು. ತನ್ನ ತೀರ್ಮಾನವನ್ನು ಪರೀಕ್ಷಿಸಿ ನೋಡಲು ಬೇಕಾದ ಮಾನದಂಡಗಳನ್ನು ನ್ಯಾಯಾಧೀಶರಿಗೆ ಒದಗಿಸುವುದು ಅವನ ಕರ್ತವ್ಯ. ಕಾರಣಗಳಿಲ್ಲದ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ಯಾರ ಪರ ಸಾಕ್ಷಿ?

ಸಮಸ್ಯೆ ಇರುವುದು ಕಾನೂನಿನ ಅಕ್ಷರಗಳಿಗಿಂತ ಹೆಚ್ಚಾಗಿ ರೂಢಿಯಲ್ಲಿ. ನಮ್ಮ ನ್ಯಾಯಾಲಯಗಳಿಗೆ ಲೆಕ್ಕಪರಿಶೋಧಕರು ಎರಡು ರೀತಿಯಲ್ಲಿ ಬರುತ್ತಾರೆ. ಮೊದಲನೆಯವರು ಕಕ್ಷಿದಾರರ ಲೆಕ್ಕವನ್ನು ವರ್ಷಗಳಿಂದ ನೋಡಿಕೊಂಡು ಬಂದವರು, ರಿಟರ್ನ್ ಸಲ್ಲಿಸಿದವರು. ಅವರು ತಾವು ಮಾಡಿದ್ದನ್ನು ಹೇಳುವ ಸಾಕ್ಷಿಗಳು. ಎರಡನೆಯವರು ವ್ಯಾಜ್ಯ ಆರಂಭವಾದ ಬಳಿಕ ಕಡತಗಳನ್ನು ಹೊಸದಾಗಿ ಪರಿಶೀಲಿಸಿ ಅಭಿಪ್ರಾಯ ನೀಡುವವರು. ನಿಜಾರ್ಥದಲ್ಲಿ ತಜ್ಞ ಸಾಕ್ಷಿಗಳು ಇವರೇ. ಈ ಎರಡು ಪಾತ್ರಗಳನ್ನು ಬೆರೆಸಿದಾಗ ಗೊಂದಲ ಉಂಟಾಗುತ್ತದೆ. ತಾನೇ ತಯಾರಿಸಿದ ಲೆಕ್ಕವನ್ನು ತಾನೇ ತಜ್ಞನಾಗಿ ಸಮರ್ಥಿಸುವುದು ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಕೊಟ್ಟಂತೆ.

ಜಯಲಲಿತಾ ಪ್ರಕರಣದಲ್ಲಿ ಆರೋಪಿಗಳ ಪರ ವಾದ ಬಹುಮಟ್ಟಿಗೆ ಆದಾಯ ತೆರಿಗೆ ದಾಖಲೆಗಳನ್ನು ಅವಲಂಬಿಸಿತ್ತು. ತೆರಿಗೆ ಇಲಾಖೆ ಒಪ್ಪಿದ ಮಾತ್ರಕ್ಕೆ ಆ ಹಣದ ಮೂಲ ಕಾನೂನುಬದ್ಧ ಎಂದು ಭ್ರಷ್ಟಾಚಾರ ಪ್ರಕರಣದಲ್ಲಿ ಭಾವಿಸಲಾಗದು ಎಂಬುದು ಸುಪ್ರೀಂ ಕೋರ್ಟ್ ನಿಲುವು. ತೆರಿಗೆ ಅಧಿಕಾರಿ ಕೇಳುವ ಪ್ರಶ್ನೆ ಒಂದು, ಕ್ರಿಮಿನಲ್ ನ್ಯಾಯಾಲಯ ಕೇಳುವ ಪ್ರಶ್ನೆ ಇನ್ನೊಂದು. ಮೊದಲ ಪ್ರಶ್ನೆಗೆ ಸಿದ್ಧಪಡಿಸಿದ ಲೆಕ್ಕ ಎರಡನೆಯದಕ್ಕೆ ಉತ್ತರವಾಗಬೇಕಿಲ್ಲ.

ಹಣ ಕೊಟ್ಟವರ ಋಣ ಎಂಬ ಆತಂಕವೂ ಇದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಫಲಿತಾಂಶವನ್ನು ಅವಲಂಬಿಸಿದ ಶುಲ್ಕ ಪಡೆಯುವುದು ವೃತ್ತಿಪರ ದುರ್ನಡತೆ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂದು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಕಕ್ಷಿದಾರರ ಗುಟ್ಟನ್ನು ಕಾಪಾಡುವುದು ಅವರ ಕರ್ತವ್ಯವಾದರೂ, ವಕೀಲರಿಗೆ ಸಾಕ್ಷ್ಯ ಕಾನೂನು ನೀಡಿರುವ ಗೌಪ್ಯತೆಯ ರಕ್ಷಣೆ ಅವರಿಗಿಲ್ಲ. ನ್ಯಾಯಾಲಯ ಕರೆದಾಗ ಹೇಳಲೇಬೇಕು.

ಸತ್ಯಂ ಕಲಿಸಿದ ಪಾಠ

ಲೆಕ್ಕಪರಿಶೋಧಕರ ಮಾತನ್ನು ಕಣ್ಣುಮುಚ್ಚಿ ನಂಬಬೇಕೆಂದು ಇದರ ಅರ್ಥವಲ್ಲ. ಸತ್ಯಂ ಹಗರಣವನ್ನು ಓದುಗರು ಮರೆತಿರಲಾರರು. 2009ರ ಜನವರಿ 7ರಂದು ಬಿ. ರಾಮಲಿಂಗ ರಾಜು ಬರೆದ ಪತ್ರದಿಂದ, ಕಂಪನಿಯ ಪುಸ್ತಕಗಳಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇರಲೇ ಇಲ್ಲವೆಂಬುದು ಬಯಲಾಯಿತು. ವರ್ಷದಿಂದ ವರ್ಷಕ್ಕೆ ಆ ಪುಸ್ತಕಗಳಿಗೆ ಲೆಕ್ಕಪರಿಶೋಧಕರ ಸಹಿ ಬಿದ್ದಿತ್ತು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ ಹತ್ತು ಮಂದಿಯಲ್ಲಿ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯ ಇಬ್ಬರು ಮಾಜಿ ಪಾಲುದಾರರೂ ಇದ್ದರು. ಬಳಿಕ ಮೇಲ್ಮನವಿ ಹಂತದಲ್ಲಿ ಶಿಕ್ಷೆ ಅಮಾನತಾಯಿತು.

ಸೆಬಿ 2018ರ ಜನವರಿಯಲ್ಲಿ ಆ ಸಂಸ್ಥೆಯ ಮೇಲೆ ಎರಡು ವರ್ಷಗಳ ನಿಷೇಧ ಹೇರಿದಾಗ, ಷೇರು ಮೇಲ್ಮನವಿ ನ್ಯಾಯಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ನಿಷೇಧವನ್ನು ರದ್ದುಪಡಿಸಿತು. ನಿರ್ಲಕ್ಷ್ಯ ಬೇರೆ, ವಂಚನೆಯಲ್ಲಿ ಕೈಜೋಡಿಸುವುದು ಬೇರೆ. ಎರಡನೆಯದನ್ನು ಸಾಬೀತುಪಡಿಸಬೇಕು ಎಂಬುದು ಅಲ್ಲಿನ ವಿವಾದದ ಮುಖ್ಯ ಅಂಶವಾಗಿತ್ತು. ಲೆಕ್ಕಪರಿಶೋಧಕರು ಎಷ್ಟು ಎಚ್ಚರ ವಹಿಸಬೇಕಿತ್ತು ಎಂಬುದನ್ನು ಅಳೆಯಲು ಅದೇ ವೃತ್ತಿಯ ಮಾನದಂಡಗಳು ಬೇಕು. ಹೀಗೆ ಒಂದೇ ವೃತ್ತಿಯವರು ಆರೋಪಿಗಳೂ ಹೌದು, ತನಿಖೆಗೆ ನೆರವಾಗುವವರೂ ಹೌದು, ಸಾಕ್ಷಿಗಳೂ ಹೌದು. ಆದ್ದರಿಂದಲೇ ಅವರ ಅಭಿಪ್ರಾಯ ಪಾಟೀಸವಾಲಿನ ಒರೆಗಲ್ಲಿಗೆ ಒಳಪಡಬೇಕಾದುದು ಅನಿವಾರ್ಯ.

ಬ್ಯಾಂಕ್ ವಂಚನೆ ಪ್ರಕರಣಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಫೊರೆನ್ಸಿಕ್ ಆಡಿಟ್ ವರದಿಯ ಆಧಾರದ ಮೇಲೆ ಸಾಲಗಾರರ ಖಾತೆಯನ್ನು ‘ವಂಚನೆ’ ಎಂದು ಘೋಷಿಸುವ ಮುನ್ನ ಅವರ ಅಹವಾಲನ್ನು ಆಲಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್ 27ರಂದು ರಾಜೇಶ್ ಅಗರ್ವಾಲ್ ಪ್ರಕರಣದಲ್ಲಿ ಆದೇಶಿಸಿತು. ರಿಸರ್ವ್ ಬ್ಯಾಂಕ್ 2024ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನಗಳು ಉತ್ತರ ನೀಡಲು ಕನಿಷ್ಠ 21 ದಿನಗಳ ಕಾಲಾವಕಾಶ ನೀಡಬೇಕೆಂದವು. ತಜ್ಞರ ವರದಿ ಬಂದ ಮಾತ್ರಕ್ಕೆ ತೀರ್ಪು ಬಂದಂತಲ್ಲ ಎಂಬುದೇ ಇದರ ಸಾರ.

ಸಾಮಾನ್ಯರಿಗೂ ತಟ್ಟುವ ವಿಷಯ

ಇದೆಲ್ಲ ಕೋಟ್ಯಧೀಶರ ವ್ಯಾಜ್ಯ ಎಂದು ಭಾವಿಸುವಂತಿಲ್ಲ. ರಸ್ತೆ ಅಪಘಾತದಲ್ಲಿ ಮೃತಪಟ್ಟ ಸಣ್ಣ ವ್ಯಾಪಾರಿಯೊಬ್ಬರ ಕುಟುಂಬ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೊರೆ ಹೋಯಿತೆನ್ನಿ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಸೂತ್ರದಂತೆ, ಮೃತರ ವಯಸ್ಸು 36ರಿಂದ 40ರೊಳಗಿದ್ದರೆ ವಾರ್ಷಿಕ ಆದಾಯವನ್ನು ಗುಣಿಸಬೇಕಾದ ಸಂಖ್ಯೆ 15. ಇಬ್ಬರು ಅಥವಾ ಮೂವರು ಅವಲಂಬಿತರಿದ್ದರೆ ಮೂರನೇ ಒಂದು ಭಾಗವನ್ನು ಮೃತರ ಸ್ವಂತ ಖರ್ಚೆಂದು ಕಳೆಯಬೇಕು. ಅಂದರೆ ವಾರ್ಷಿಕ ಆದಾಯದ ಅಂದಾಜಿನಲ್ಲಿ ಒಂದು ಲಕ್ಷ ರೂಪಾಯಿ ವ್ಯತ್ಯಾಸವಾದರೂ ಪರಿಹಾರದಲ್ಲಿ ಹತ್ತು ಲಕ್ಷ ರೂಪಾಯಿ ಏರುಪೇರು.

ಆ ಅಂಗಡಿಯ ನಿಜವಾದ ಆದಾಯ ಎಷ್ಟು ಎಂಬುದನ್ನು ಖರೀದಿ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಜಿಎಸ್‌ಟಿ ವಿವರಗಳಿಂದ ಕಟ್ಟಿಕೊಡುವುದು ಸುಲಭವಲ್ಲ. ಲೆಕ್ಕಪರಿಶೋಧಕರು ಸಾಕ್ಷಿ ಕಟಕಟೆಗೆ ಬಂದು ವಿವರಿಸಿದರೆ ವಿಧವೆಗೆ ಹಾಗೂ ಮಕ್ಕಳಿಗೆ ಸಿಗಬೇಕಾದ್ದು ಸಿಗುತ್ತದೆ. ಬರೀ ಪ್ರಮಾಣಪತ್ರವೊಂದನ್ನು ಸಲ್ಲಿಸಿ ಅವರು ಬಾರದೇ ಉಳಿದರೆ, ವಿಮಾ ಕಂಪನಿಯ ವಕೀಲರ ಆಕ್ಷೇಪಕ್ಕೆ ಉತ್ತರವೇ ಇರುವುದಿಲ್ಲ. ಜೀವನಾಂಶದ ಅರ್ಜಿ, ಪಾಲುದಾರಿಕೆ ವಿಸರ್ಜನೆ, ಸಹಕಾರ ಸಂಘದ ಹಣ ದುರುಪಯೋಗ ಮೊದಲಾದ ಎಲ್ಲ ಪ್ರಕರಣಗಳಲ್ಲಿಯೂ ಇದೇ ಕಥೆ.

ಏನು ಮಾಡಬಹುದು?

ಹೊರದೇಶಗಳ ಅನುಭವ ಇಲ್ಲಿ ಉಪಯುಕ್ತ. ಇಂಗ್ಲೆಂಡಿನಲ್ಲಿ 1999ರಿಂದ ಜಾರಿಯಲ್ಲಿರುವ ಸಿವಿಲ್ ಪ್ರಕ್ರಿಯಾ ನಿಯಮಗಳ ಪ್ರಕಾರ ತಜ್ಞನ ಮೊದಲ ಕರ್ತವ್ಯ ನ್ಯಾಯಾಲಯಕ್ಕೆ. ಶುಲ್ಕ ಕೊಟ್ಟವರಿಗೆ ಅಲ್ಲ. ಎರಡೂ ಕಡೆಯ ತಜ್ಞರು ಒಟ್ಟಿಗೆ ಕುಳಿತು, ಯಾವ ಅಂಶಗಳಲ್ಲಿ ಒಮ್ಮತವಿದೆ, ಯಾವುದರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಲಿಖಿತ ಹೇಳಿಕೆ ನೀಡುವಂತೆ ನ್ಯಾಯಾಲಯ ಸೂಚಿಸಬಹುದು. ಇಬ್ಬರನ್ನೂ ಒಂದೇ ವೇಳೆ ಎದುರುಬದುರು ಕೂರಿಸಿ ಪ್ರಶ್ನಿಸುವ ಪದ್ಧತಿಯೂ ಇದೆ. ದೆಹಲಿ ಹೈಕೋರ್ಟ್ 2018ರ ತನ್ನ ಮೂಲ ವಿಭಾಗದ ನಿಯಮಗಳಲ್ಲಿ ಈ ಪದ್ಧತಿಗೆ ಅವಕಾಶ ಕಲ್ಪಿಸಿದೆ.

ಲೆಕ್ಕಪರಿಶೋಧಕರ ಸಂಸ್ಥೆಯೂ ಸುಮ್ಮನೆ ಕುಳಿತಿಲ್ಲ. ಫೊರೆನ್ಸಿಕ್ ಲೆಕ್ಕಪರಿಶೋಧನೆ ಮತ್ತು ತನಿಖೆಗೆ ಅದು ರೂಪಿಸಿದ ಮಾನದಂಡಗಳು 2023ರ ಜುಲೈ 1ರಿಂದ ಕಡ್ಡಾಯವಾಗಿವೆ. ಸಕ್ಷಮ ಪ್ರಾಧಿಕಾರದ ಮುಂದೆ ಸಾಕ್ಷ್ಯ ನುಡಿಯುವುದಕ್ಕೂ ಅವುಗಳಲ್ಲಿ ಪ್ರತ್ಯೇಕ ಮಾನದಂಡವಿದೆ. ಆದರೆ ವೃತ್ತಿಯ ಶಿಸ್ತು ಒಂದು ಬದಿ ಮಾತ್ರ. ಇನ್ನೊಂದು ಬದಿಯನ್ನು ನ್ಯಾಯಾಲಯಗಳೇ ಕಟ್ಟಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅಂಕಿಯೇ ನಿರ್ಣಾಯಕವಾದ ಪ್ರಕರಣಗಳಲ್ಲಿ ವಿಚಾರಣೆಯ ಆರಂಭದಲ್ಲಿಯೇ ತಜ್ಞರು ತಮ್ಮ ತೀರ್ಮಾನದ ಜತೆಗೆ ಲೆಕ್ಕದ ಕಚ್ಚಾ ಹಾಳೆಗಳನ್ನೂ ಎದುರು ಪಕ್ಷಕ್ಕೆ ನೀಡುವಂತೆ ಸೂಚಿಸಬಹುದು. ಒಪ್ಪಿತ ಹಾಗೂ ವಿವಾದಿತ ಬಾಬತ್ತುಗಳ ಒಂದೇ ಪಟ್ಟಿಯನ್ನು ಉಭಯ ಪಕ್ಷಗಳಿಂದ ತರಿಸಿಕೊಳ್ಳಬಹುದು. ಅಗತ್ಯ ಬಿದ್ದಲ್ಲಿ ಸಿವಿಲ್ ನ್ಯಾಯಾಲಯಗಳು ತಮ್ಮದೇ ಕಮಿಷನರನ್ನು ನೇಮಿಸಿಕೊಳ್ಳಬಹುದು. ಇದರಿಂದ ಖರ್ಚು ಹೆಚ್ಚುತ್ತದೆ, ವಿಳಂಬವಾಗುತ್ತದೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ಸಣ್ಣ ದಾವೆಗಳಲ್ಲಿ ಇಬ್ಬರು ತಜ್ಞರ ಬದಲು ಇಬ್ಬರೂ ಒಪ್ಪಿದ ಒಬ್ಬರೇ ಸಾಕು. ಆದರೆ ವಿಳಂಬದ ಮಾತನ್ನಾಡುವಾಗ, ಹೈಕೋರ್ಟ್ ತೀರ್ಪಿನಿಂದ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ 21 ತಿಂಗಳು ಹಿಡಿಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೀರ್ಪು ನೀಡುವುದು ನ್ಯಾಯಾಧೀಶರ ಕೆಲಸ. ಅದನ್ನು ಯಾವ ಲೆಕ್ಕಪರಿಶೋಧಕರಿಗೂ ವಹಿಸಲಾಗದು, ವಹಿಸಲೂಬಾರದು. ಆದರೆ ತೀರ್ಪಿನಲ್ಲಿರುವ ಪ್ರತಿಯೊಂದು ಮೊತ್ತವನ್ನೂ ಓದುಗನೊಬ್ಬ ಪೆನ್ಸಿಲ್ ಹಿಡಿದು ಮತ್ತೆ ಕೂಡಿ ನೋಡುವಂತಿರಬೇಕು, ಕೂಡಿದಾಗ ಅದೇ ಮೊತ್ತ ಬರಬೇಕು. ಆ ಮೊತ್ತವನ್ನು ಕಟ್ಟಿದವರು ಕಟಕಟೆಯಲ್ಲಿ ನಿಂತು ಪ್ರಶ್ನೆಗಳಿಗೆ ಉತ್ತರಿಸಿರಬೇಕು. ಶಿಕ್ಷೆಗೊಳಗಾಗುವವರಿಗೂ, ಖುಲಾಸೆಯಾಗುವವರಿಗೂ, ತಮ್ಮ ಹಣ ಎಲ್ಲಿ ಹೋಯಿತೆಂದು ಕಾಯುತ್ತಿರುವ ಜನರಿಗೂ ನ್ಯಾಯಾಲಯ ಕೊಡಬೇಕಾದ ಕನಿಷ್ಠ ಲೆಕ್ಕ ಇದು.